ಒಂದು ಮುಚ್ಚಳ ಕೆಮ್ಮಿನ ಔಷಧಿ

ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಆ ಹಾಸ್ಟೆಲ್ಲಿನ ವಾರ್ಡನ್‌ಗೆ ಎರಡು ಹೆಸರು. ಎದುರಿಗೆ ಆಂಟಿ, ಬೆನ್ನ ಹಿಂದೆ ಮೂಗಮ್ಮ. ಎರಡನೆಯದು ಆಕೆಗೆ ಗೊತ್ತಿಲ್ಲ ಎಂದು ಹುಡುಗಿಯರು ತಿಳಿದಿದ್ದರು. ಗೊತ್ತಿತ್ತು. ಮೆಟ್ಟಿಲ ಮೇಲೆ ಪಿಸುಗುಟ್ಟಿದ್ದು ಕೆಳಗಿನ ಕೋಣೆಗೆ ಕೇಳಿಸದಿರಲು ಆಕೆಯದು ಸಾಮಾನ್ಯ ಕಿವಿಯೇನಲ್ಲ. ಇಪ್ಪತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು, ಊರವರ ಮಾತನ್ನೆಲ್ಲ ಈ ಕಡೆಯಿಂದ ಆ ಕಡೆಗೆ ದಾಟಿಸಿದವಳು. ಆದರೆ ಹೆಸರು ಬಂದದ್ದು ಕಿವಿಯಿಂದಲ್ಲ, ಮೂಗಿನಿಂದ.

ಎಕ್ಸ್‌ಚೇಂಜಿಗೆ ಯಂತ್ರ ಬಂದು ಮನುಷ್ಯರು ಬೇಡವಾದಾಗ ಆಕೆಗೆ ನಲವತ್ತೇಳು ದಾಟಿತ್ತು. ಇಬ್ಬರು ತಂಗಿಯರನ್ನು ದಡ ಸೇರಿಸುವ ಹೊತ್ತಿಗೆ ತನ್ನ ಮದುವೆಯ ಮಾತು ಎಲ್ಲೋ ಹಿಂದೆ ಉಳಿದುಹೋಗಿತ್ತು. ತಂಗಿಯರ ಮನೆಗಳಲ್ಲಿ ಅಕ್ಕನಿಗೆ ನಾಲ್ಕು ದಿನ ರಾಜೋಪಚಾರ, ಐದನೆಯ ದಿನ "ಅಕ್ಕಾ, ನಿನ್ನ ಬಸ್ಸು ಎಷ್ಟು ಗಂಟೆಗೆ?" ಹಾಸ್ಟೆಲ್ಲಿಗೆ ವಾರ್ಡನ್ ಬೇಕೆಂಬ ಸುದ್ದಿ ಬಂದದ್ದು ಆಗ. ದೇವರೇ ಕೈ ಹಿಡಿದು ಕರೆದುಕೊಂಡು ಹೋದ ಎಂದು ಆಕೆ ಇಂದಿಗೂ ನಂಬುತ್ತಾಳೆ. ಗೇಟಿಗೆ ಅಂಟಿಕೊಂಡ ಒಂದು ಕೋಣೆ, ಗೇಟು ಕಾಣುವ ಒಂದು ಕಿಟಕಿ, ಮೇಜು, ರಿಜಿಸ್ಟರು, ದಾರ ಕಟ್ಟಿದ ಪೆನ್ನು, ಮೇಲೆ ಮೂರು ಮಾಳಿಗೆಗಳಲ್ಲಿ ಅರವತ್ತೆರಡು ಹುಡುಗಿಯರು. ಸಂಸಾರ ಇಲ್ಲದವಳಿಗೆ ಒಂದೇ ಸಲಕ್ಕೆ ಅಷ್ಟೊಂದು ಮಕ್ಕಳು.

ಮೊದಲ ವರ್ಷವೇ ಆಕೆಯ ಮೂಗಿನ ಕೀರ್ತಿ ಹಬ್ಬಿತು. ಅಡುಗೆಮನೆಯ ಗ್ಯಾಸು ಸೋರುತ್ತಿದ್ದದ್ದು ಅಲ್ಲೇ ನಿಂತಿದ್ದ ಅಡುಗೆಯವಳಿಗೆ ತಿಳಿಯಲಿಲ್ಲ, ಗೇಟಿನ ಬಳಿ ಕೂತಿದ್ದ ವಾರ್ಡನ್‌ಗೆ ತಿಳಿಯಿತು. ಆಡಳಿತ ಸಮಿತಿಯವರು ಶಾಲು ಹೊದಿಸಿ ಹೊಗಳಿದರು. ಆಮೇಲೆ ಆ ಮೂಗಿಗೆ ಇನ್ನೊಂದು ಕೆಲಸ ಅಂಟಿಸಿದರು. ಹಾಸ್ಟೆಲ್ಲಿನ ನಿಯಮ ಹೀಗಿತ್ತು: ಹತ್ತು ಗಂಟೆಗೆ ಗೇಟು ಬಂದ್. ಕುಡಿದು ಬಂದವರು ಮೂರು ದಿನದೊಳಗೆ ಗಂಟುಮೂಟೆ ಕಟ್ಟಬೇಕು. ನಿಯಮ ಮಾಡಿದ್ದು ಸಮಿತಿ. ಕಾಯುವುದು ಮೂಗಮ್ಮ.

ಆಕೆಯ ಕ್ರಮ ಸರಳ. ರಾತ್ರಿ ಒಳಗೆ ಬಂದ ಹುಡುಗಿ ರಿಜಿಸ್ಟರಿನಲ್ಲಿ ಸಹಿ ಮಾಡಲು ಮೇಜಿನ ಮೇಲೆ ಬಗ್ಗುತ್ತಾಳೆ. ಆಗ ಆಕೆ ಒಂದೇ ಪ್ರಶ್ನೆ ಕೇಳುತ್ತಾಳೆ: "ಊಟ ಆಯ್ತಾ?" ಉತ್ತರ ಕೊಡಲು ಬಾಯಿ ತೆರೆಯಲೇಬೇಕಲ್ಲ. ಅಷ್ಟು ಸಾಕು. ಮೊದಲ ಐದು ವರ್ಷಗಳಲ್ಲಿ ನಾಲ್ಕು ಹುಡುಗಿಯರು ಹೀಗೆ ಸಿಕ್ಕಿಬಿದ್ದರು, ನಾಲ್ವರೂ ಹೋದರು. ನಾಲ್ಕನೆಯವಳು ಕಾಲು ಹಿಡಿದುಕೊಂಡು, "ಆಂಟಿ, ನನಗೆ ಹೋಗೋಕೆ ಜಾಗ ಇಲ್ಲ" ಅಂದಿದ್ದಳು. ಜಾಗ ಇಲ್ಲದಿರುವುದು ಹೇಗಿರುತ್ತದೆಂದು ಮೂಗಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ಸಮಿತಿಗೆ ದೂರಿನ ಕಾಗದ ಬರೆದಾಗಿತ್ತು.

ಅಲ್ಲಿಂದ ಮುಂದೆ ಆರು ವರ್ಷ ಒಬ್ಬಳೂ ಸಿಕ್ಕಲಿಲ್ಲ. ಹುಡುಗಿಯರು ಸುಧಾರಿಸಿದರು ಎಂದುಕೊಂಡಳು. ರಾತ್ರಿ ಮಲಗುವ ಮುನ್ನ ಅರವತ್ತೆರಡು ಜನರ ಹೆಸರನ್ನೂ ನೆನೆದು ಒಂದೊಂದು ನಮಸ್ಕಾರ ಹಾಕುತ್ತಿದ್ದಳು. ಆ ಬೀದಿಯಲ್ಲಿ ಕೊಳವೆ ಹಾಕಲು ಸದಾ ಅಗೆಯುತ್ತಿದ್ದದ್ದರಿಂದ ಧೂಳಿಗೆ ಹುಡುಗಿಯರಿಗೆ ಕೆಮ್ಮು ಮಾತ್ರ ಜಾಸ್ತಿಯಾಗಿತ್ತು. ಬಂದವರ ಬಾಯಲ್ಲೆಲ್ಲ ಕಿತ್ತಳೆ ವಾಸನೆಯ ಕೆಮ್ಮಿನ ಔಷಧಿ. ಪಾಪ ಅನ್ನಿಸುತ್ತಿತ್ತು. ತಾನೂ ಒಂದು ಬಾಟಲಿ ತಂದು ಮೇಜಿನ ಖಾನೆಯಲ್ಲಿಟ್ಟುಕೊಂಡಳು. ಚಳಿಗಾಲದಲ್ಲಿ ಎದೆ ಕಟ್ಟಿದಾಗ ತಾನೇ ಎರಡು ಚಮಚ ಕುಡಿದು ಗಡದ್ದಾಗಿ ನಿದ್ದೆ ಹೊಡೆದದ್ದೂ ಉಂಟು.

ಈ ಕಥೆಯ ಹುಡುಗಿ ಬಂದದ್ದು ಹತ್ತು ತಿಂಗಳ ಹಿಂದೆ. ಕನ್ನಡಕದ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ಗಾಜನ್ನು ಚೌಕಟ್ಟಿಗೆ ಸರಿಯಾಗಿ ಉಜ್ಜಿ ಕೂರಿಸುವ ಕೆಲಸ. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ ಗಾಜು ಹಾಳು. ಬಿಡಲು ಬಂದ ಅಪ್ಪ ಲಿಫ್ಟ್ ರಿಪೇರಿಯವನು, ಬೆರಳುಗಳ ಸಂದಿಯಲ್ಲಿ ತೊಳೆದರೂ ಹೋಗದ ಗ್ರೀಸು. ಅವನು ಗೇಟಿನಲ್ಲಿ ನಿಂತು, "ಇವಳು ತಟ್ಟೆ ಮುಂದೆ ಕೂತ್ರೆ ಚಿಟಿಕೆ ಚಿಟಿಕೆ ತಿಂತಾಳಮ್ಮ. ನೀವು ಸ್ವಲ್ಪ ಗದರಿಸಿ ತಿನ್ನಿಸಿ" ಅಂದ. ಮೆಟ್ಟಿಲ ಮೇಲಿದ್ದವರಿಗೆ ಅಷ್ಟು ಸಾಕಾಯಿತು. ಅಪ್ಪ ಬಸ್ಸು ಹತ್ತುವ ಮೊದಲೇ ಮಗಳಿಗೆ ಚಿಟಿಕೆ ಎಂದು ಹೆಸರು ಬಿದ್ದಿತ್ತು.

ಬಂದ ವಾರದಲ್ಲೇ ಚಿಟಿಕೆ ಮೂಗಮ್ಮನ ಮೇಜಿನ ಮುಂದೆ ನಿಂತು, "ಆಂಟಿ, ನಿಮ್ಮ ಕನ್ನಡಕ ಎಡಗಡೆ ಇಳಿದಿದೆ. ಎಷ್ಟು ವರ್ಷದಿಂದ ಪ್ರಪಂಚನ ಸೊಟ್ಟಗೆ ನೋಡ್ತಿದ್ದೀರ?" ಅಂದಳು.

"ಪ್ರಪಂಚನೇ ಸೊಟ್ಟಗಿದೆ ಅಂದ್ಕೊಂಡಿದ್ದೆ ಕಣೆ."

"ಕೊಡಿ ಇಲ್ಲಿ. ನಿಮಗೇನು, ಮೂಗಿದೆ. ಕಣ್ಣು ಯಾಕೆ ಬೇಕು?"

ಮೆಟ್ಟಿಲ ಮೇಲಿದ್ದ ಹುಡುಗಿಯರೆಲ್ಲ ಉಸಿರು ಬಿಗಿಹಿಡಿದರು. ಇಷ್ಟು ವರ್ಷದಲ್ಲಿ ಯಾರೂ ಆ ಮಾತನ್ನು ಎದುರಿಗೆ ಆಡಿರಲಿಲ್ಲ. ಮೂಗಮ್ಮ ಬಿದ್ದು ಬಿದ್ದು ನಕ್ಕಳು. ಮಾರನೆಯ ದಿನ ಕನ್ನಡಕ ಕಿವಿಯ ಮೇಲೆ ಹೂವಿನಂತೆ ಕೂತಿತ್ತು. ಅಂದಿನಿಂದ ಚಿಟಿಕೆಯ ಮೇಲೆ ಒಂದು ಹಿಡಿ ಪ್ರೀತಿ ಹೆಚ್ಚು. ಅರವತ್ತೆರಡರಲ್ಲಿ ಭೇದ ಮಾಡುತ್ತಿದ್ದೇನೆಂದು ಆಕೆ ದೇವರ ಮುಂದೆ ತಪ್ಪೊಪ್ಪಿಕೊಂಡದ್ದೂ ಇತ್ತು.

ಚಿಟಿಕೆಯ ಕೋಣೆಯಲ್ಲಿ ಇನ್ನಿಬ್ಬರು. ಒಬ್ಬಳು ಬ್ಯಾಂಕಿನವಳು, ಅಚ್ಚುಕಟ್ಟು, ಹೆಚ್ಚು ಮಾತಿಲ್ಲ. ಇನ್ನೊಬ್ಬಳು ಬಸ್ಸಿನ ಟಿಕೆಟ್ ಕೌಂಟರಿನಲ್ಲಿ ಕೂರುವವಳು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಅವಳನ್ನು ಎಲ್ಲರೂ ಉದ್ದಕ್ಕ ಅನ್ನುತ್ತಿದ್ದರು.

ಒಂದು ಶನಿವಾರ ಬ್ಯಾಂಕಿನವಳಿಗೆ ಬಡ್ತಿ ಸಿಕ್ಕಿದ ಸಂತೋಷಕ್ಕೆ ಮೂವರೂ ಹೊರಗೆ ಹೋದರು. ಹತ್ತಕ್ಕೆ ಐದು ನಿಮಿಷ ಇರುವಾಗ ಬಂದರು. ನಡುವೆ ಚಿಟಿಕೆ, ಎರಡು ಪಕ್ಕಕ್ಕೆ ಇಬ್ಬರು. ಚಿಟಿಕೆಯ ಕುತ್ತಿಗೆಗೆ ಸ್ಕಾರ್ಫು ಸುತ್ತಿತ್ತು.

"ಊಟ ಆಯ್ತಾ?" ಮೂಗಮ್ಮ ಕೇಳಿದಳು.

"ಅವಳಿಗೆ ಕೆಮ್ಮು ಆಂಟಿ" ಅಂದಳು ಬ್ಯಾಂಕಿನವಳು.

"ನಾನು ಕೇಳಿದ್ದು ಅವಳನ್ನ."

"ಆ...ಯ್ತು ಆಂಟೀ" ಅಂದಳು ಚಿಟಿಕೆ. ಕಿತ್ತಳೆಯ ಘಾಟು ಮೇಜಿನ ಈಚೆಗೆ ಬಡಿಯಿತು. ಅದರ ಹಿಂದೆ ಬೇರೇನಾದರೂ ಇದ್ದಿದ್ದರೆ ಅದು ಆ ಘಾಟಿನಲ್ಲಿ ಮುಚ್ಚಿಹೋಗಿತ್ತು. ಅವಳಿಗೆ ಪೆನ್ನು ಹಿಡಿಯಲಾಗಲಿಲ್ಲ, ಉದ್ದಕ್ಕ ಕೈ ಮೇಲೆ ಕೈಯಿಟ್ಟು ಸಹಿ ಮಾಡಿಸಿದಳು. ಕಣ್ಣು ಕೆಂಪಗಿತ್ತು. ಮೂಗಮ್ಮ ಹಣೆ ಮುಟ್ಟಿ ನೋಡಿದಳು. ತಣ್ಣಗೆ ಬೆವರುತ್ತಿತ್ತು.

"ಏನೇ ಮಗಳೇ, ಇಷ್ಟು ಕೆಮ್ಮು ಇಟ್ಕೊಂಡು ಯಾಕೆ ಹೋದೆ? ತಾಳು."

ಖಾನೆ ಎಳೆದು ಬಾಟಲಿ ತೆಗೆದಳು. ಮುಚ್ಚಳದ ತುಂಬ ಸುರಿದಳು.

"ಬೇಡ ಆಂಟಿ, ಆಗಲೇ..." ಎಂದು ಉದ್ದಕ್ಕ ನಾಲಿಗೆ ಕಚ್ಚಿಕೊಂಡಳು.

"ಆಗಲೇ ಏನು?"

"ಆಗಲೇ ಹೊತ್ತಾಯ್ತು. ಹೋಗಿ ಮಲಗಿಬಿಡ್ತಾಳೆ."

"ಕುಡಿದು ಮಲಗಲಿ. ಒಳ್ಳೆ ನಿದ್ದೆ ಬರುತ್ತೆ." ಮೂಗಮ್ಮ ಕೂಸಿಗೆ ಕುಡಿಸುವಂತೆ ಗಲ್ಲ ಹಿಡಿದು, ತಲೆ ಸ್ವಲ್ಪ ಎತ್ತಿ, ಮುಚ್ಚಳವನ್ನು ತುಟಿಗಿಟ್ಟಳು. ಚಿಟಿಕೆ ನಗುತ್ತ ಕುಡಿದಳು. ತುಟಿಯ ಅಂಚಿನಿಂದ ಇಳಿದದ್ದನ್ನು ಮೂಗಮ್ಮ ತನ್ನ ಸೆರಗಿನಿಂದ ಒರೆಸಿದಳು. ಬ್ಯಾಂಕಿನವಳೂ ಉದ್ದಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೋಡಿಕೊಂಡರು, ಅಷ್ಟೇ.

ಬಾಗಿಲು ತಟ್ಟಿದ್ದು ಒಂದೂವರೆಗೆ. ಉದ್ದಕ್ಕ ನಿಂತಿದ್ದಳು. ಅಷ್ಟೆತ್ತರದವಳು ಕುಗ್ಗಿಹೋಗಿದ್ದಳು.

"ಆಂಟಿ, ಚಿಟಿಕೆ ಒಂಥರಾ ಗೊರಕೆ ಹೊಡೀತಿದಾಳೆ."

"ಕೆಮ್ಮು ಇದ್ರೆ ಗೊರಕೆ ಬರುತ್ತಮ್ಮ."

"ಹಂಗಲ್ಲ ಆಂಟಿ. ನಿಂತು ನಿಂತು ಬರ್ತಿದೆ. ಎಬ್ಬಿಸಿದ್ರೆ ಏಳ್ತಿಲ್ಲ."

ಮೂರನೆಯ ಮಾಳಿಗೆಗೆ ಆಕೆ ಹೇಗೆ ಹತ್ತಿದಳೋ. ಚಿಟಿಕೆ ಅಂಗಾತ ಬಿದ್ದಿದ್ದಳು. ಕುತ್ತಿಗೆಯವರೆಗೆ ಹೊದಿಕೆ. ದಿಂಬಿನ ಮೇಲೆ ವಾಂತಿ, ಒರೆಸಿದ ಗುರುತು. ತುಟಿ ಬಣ್ಣಗೆಟ್ಟಿತ್ತು. ಕೆನ್ನೆ ತಟ್ಟಿದರೆ ತಲೆ ಆ ಕಡೆ ಉರುಳಿತು, ಮತ್ತೇನಿಲ್ಲ. ಸ್ಟೂಲಿನ ಮೇಲೆ ಕಾಫಿಯ ಲೋಟವಿತ್ತು, ಅರ್ಧ ಚೆಲ್ಲಿತ್ತು.

ಆಂಬ್ಯುಲೆನ್ಸಿಗೆ ಫೋನು ಮಾಡಿದಳು. ಆ ತುದಿಯಲ್ಲಿದ್ದ ಹೆಂಗಸಿನ ದನಿ ಗಡಿಬಿಡಿಯಿಲ್ಲದೆ, ಸಮವಾಗಿ ಬರುತ್ತಿತ್ತು. ಇಪ್ಪತ್ತಾರು ವರ್ಷ ಮೂಗಮ್ಮ ಅಂಥದೇ ದನಿಯಲ್ಲಿ ಮಾತಾಡಿದ್ದಳು. ತಂತಿಯ ಈ ತುದಿಯಲ್ಲಿ ನಿಲ್ಲುವುದು ಹೀಗಿರುತ್ತದೆಂದು ಮಾತ್ರ ಗೊತ್ತಿರಲಿಲ್ಲ.

"ಉಸಿರಾಡ್ತಿದ್ದಾರಾ? ಎದೆ ನೋಡಿ ಎಣಿಸಿ ಅಮ್ಮ. ಒಂದು ನಿಮಿಷ ಆದಾಗ ನಾನು ಹೇಳ್ತೀನಿ."

ಒಂದು. ಆಮೇಲೆ ಏನೂ ಇಲ್ಲ. ಕೋಣೆಯಲ್ಲಿ ಮೂವರೂ ಆ ಎದೆಯನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಎರಡು. ಮತ್ತೆ ಏನೂ ಇಲ್ಲ. ನಿಮಿಷ ಮುಗಿದಾಗ ಏಳು.

"ಅಂಗಾತ ಬಿಡಬೇಡಿ. ಮಗ್ಗುಲಿಗೆ ತಿರುಗಿಸಿ. ಮೇಲಿನ ಕಾಲು ಮಡಚಿ, ಆಗ ಉರುಳಲ್ಲ. ಬಾಯಿ ಕೆಳಮುಖ ಇರಲಿ, ವಾಂತಿ ಬಂದ್ರೆ ಹೊರಗೆ ಹೋಗಲಿ. ನೀರು, ಕಾಫಿ ಏನೂ ಹಾಕಬೇಡಿ. ಒಬ್ಬರನ್ನೇ ಬಿಡಬೇಡಿ. ಗಾಡಿ ಹೊರಟಿದೆ."

ತಿರುಗಿಸಿದರು. ಗಾಡಿ ಬರುವವರೆಗೆ ಇಪ್ಪತ್ತು ನಿಮಿಷ ಮೂಗಮ್ಮ ಎಣಿಸುತ್ತಲೇ ಇದ್ದಳು. ದಿನಾ ರಾತ್ರಿ ಅರವತ್ತೆರಡು ಹೆಸರು ಹೇಳುವ ಬಾಯಿಗೆ ಅವತ್ತು ಅಂಕಿ ಬಿಟ್ಟು ಬೇರೇನೂ ಬರಲಿಲ್ಲ.

ಆಸ್ಪತ್ರೆಯಲ್ಲಿ ಚಿಟಿಕೆಯನ್ನು ಪರದೆಯ ಹಿಂದಕ್ಕೆ ತಳ್ಳಿಕೊಂಡು ಹೋದರು. ಒಬ್ಬ ಯುವ ಡಾಕ್ಟರು ಕಾಗದ ಹಿಡಿದು ಬಂದ.

"ಏನು ಕುಡಿದಿದಾರೆ, ಎಷ್ಟು? ಊಟ ಮಾಡಿದ್ರಾ? ಮಾತ್ರೆ, ಔಷಧಿ ಏನಾದ್ರೂ?"

ಬ್ಯಾಂಕಿನವಳು ನೆಲ ನೋಡಿದಳು. ಉದ್ದಕ್ಕ ಗೋಡೆ ನೋಡಿದಳು. ಕುಡಿದಿದ್ದಾಳೆ ಎಂಬ ಮಾತೇ ಮೂಗಮ್ಮನಿಗೆ ಮುಖಕ್ಕೆ ಹೊಡೆದಂತಾಯಿತು.

"ಮದ್ಯ ಅಂತ ನನಗೆ ಗೊತ್ತಿರಲಿಲ್ಲ ಡಾಕ್ಟ್ರೇ. ಕೆಮ್ಮು ಅಂತ ನಾನೇ ಔಷಧಿ ಕೊಟ್ಟೆ. ಒಂದು ಮುಚ್ಚಳ. ಹತ್ತು ಗಂಟೆಗೆ."

"ಯಾವ ಔಷಧಿ?"

ಹೆಸರು ಹೇಳಿದಳು. ಡಾಕ್ಟರು ಬರೆದುಕೊಳ್ಳುವುದನ್ನು ನಿಲ್ಲಿಸಿ ತಲೆಯೆತ್ತಿದ. ಅಷ್ಟರಲ್ಲಿ ಬ್ಯಾಂಕಿನವಳು ಅಳುತ್ತ ಬಾಯಿ ಬಿಟ್ಟಳು. "ಆಂಟಿ, ಅದು ಬರೀ ಒಂದು ಮುಚ್ಚಳ ಅಲ್ಲ. ಗೇಟಿಗೆ ಬರೋ ಮುಂಚೆನೇ ಅವಳು ಅರ್ಧ ಬಾಟಲಿ ಕುಡಿದಿದ್ಲು."

"ಕೆಮ್ಮಿಗಾ?"

"ಕೆಮ್ಮು ಎಲ್ಲಿತ್ತು ಆಂಟಿ. ವಾಸನೆಗೆ."

ಆಗ ಒಂದೊಂದಾಗಿ ಹೊರಬಂತು. ಹಾಸ್ಟೆಲ್ಲಿನ ಬೀದಿಯ ತಿರುವಿನಲ್ಲಿ ಒಂದು ಮುಚ್ಚಿದ ಛತ್ರಿ ರಿಪೇರಿ ಅಂಗಡಿ. ಅದರ ಕಟ್ಟೆಯ ಮೇಲೆ ನಿಂತು, ಗೇಟಿಗೆ ಬರುವ ಮೊದಲು ಕಿತ್ತಳೆ ಔಷಧಿ ಕುಡಿಯುವುದು. ನಾಲ್ಕನೆಯ ಹುಡುಗಿಯನ್ನು ಹೊರಗೆ ಹಾಕಿದ ವರ್ಷ ಯಾರೋ ಕಂಡುಹಿಡಿದದ್ದು. ಹಳಬರು ಹೋಗುವಾಗ ಹೊಸಬರಿಗೆ ಬಕೆಟ್ಟು, ಹ್ಯಾಂಗರು ಕೊಟ್ಟು ಹೋಗುವಂತೆ ಈ ಉಪಾಯವನ್ನೂ ಕೊಟ್ಟು ಹೋಗುತ್ತಿದ್ದರು. ಏಲಕ್ಕಿ, ಲವಂಗ, ಪೇಸ್ಟು ಎಲ್ಲ ಆಂಟಿಗೆ ಗೊತ್ತಾಗುತ್ತೆ, ಕೆಮ್ಮಿನ ಔಷಧಿ ಒಂದೇ ಗೊತ್ತಾಗಲ್ಲ, ಯಾಕೆಂದರೆ ಆಂಟಿಗೆ ಪಾಪ ಅನ್ನಿಸುತ್ತೆ. ಸಾಮಾನ್ಯವಾಗಿ ಒಂದು ಗುಟುಕು, ಬಾಯಿ ಮುಕ್ಕಳಿಸುವಷ್ಟು. ಅವತ್ತು ಚಿಟಿಕೆ ಜಾಸ್ತಿ ತೂರಾಡುತ್ತಿದ್ದಳು. ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ, ಮೊದಲ ಸಲ ಬೇರೆ. ವಾಸನೆಯೂ ಜಾಸ್ತಿಯೆಂದು ಹೆದರಿ ಔಷಧಿಯನ್ನೂ ಜಾಸ್ತಿ ಕುಡಿಸಿದರು.

"ಹನ್ನೊಂದೂವರೆಗೇ ಗೊರಕೆ ಶುರುವಾಗಿತ್ತು ಆಂಟಿ" ಅಂದಳು ಉದ್ದಕ್ಕ. "ನಿಮ್ಮನ್ನ ಎಬ್ಬಿಸೋಣ ಅಂತ ನಾನು, ಬೇಡ ಮೂವರೂ ಬೀದಿಗೆ ಬೀಳ್ತೀವಿ ಅಂತ ಇವಳು. ಆಮೇಲೆ ಎಬ್ಬಿಸೋಣ ಅಂತ ಇವಳು, ಸ್ವಲ್ಪ ನೋಡೋಣ ಅಂತ ನಾನು. ಎರಡು ಗಂಟೆ ಹಂಗೇ ಕೂತಿದ್ವಿ."

ಮೂಗಮ್ಮನ ಕಣ್ಣ ಮುಂದೆ ಆರು ವರ್ಷದ ಕೆಮ್ಮುಗಳೆಲ್ಲ ಸಾಲಾಗಿ ಬಂದು ನಿಂತವು. ಎಲ್ಲ ಶನಿವಾರದ ಕೆಮ್ಮುಗಳೇ. ಭಾನುವಾರ ಬೆಳಿಗ್ಗೆ ಗುಣವಾಗುವ ಕೆಮ್ಮುಗಳು. ಎಷ್ಟು ಜನರಿಗೆ ತಾನು ಪಾಪ ಎಂದು ಮುಚ್ಚಳ ತುಂಬಿ ಕೊಟ್ಟಿಲ್ಲ.

ಡಾಕ್ಟರು ಬೆಳಗಿನ ಜಾವ ಹೊರಗೆ ಬಂದು ವಿವರಿಸಿದ. ಆ ಔಷಧಿಯಲ್ಲಿ ನಿದ್ದೆ ಬರಿಸುವ ಅಂಶ ಇರುತ್ತದೆ. ಮದ್ಯವೂ ಅದೇ ಕೆಲಸ ಮಾಡುತ್ತದೆ. ಎರಡೂ ಸೇರಿದರೆ ಉಸಿರಾಡುವುದನ್ನೇ ಮೈ ಮರೆಯುತ್ತ ಹೋಗುತ್ತದೆ. ಅಂಗಾತ ಮಲಗಿದ್ದರಿಂದ ವಾಂತಿ ಸ್ವಲ್ಪ ಶ್ವಾಸಕೋಶಕ್ಕೆ ಇಳಿದಿದೆ. ಈಗ ಕೊಳವೆ ಹಾಕಿ ಯಂತ್ರದಿಂದ ಉಸಿರಾಡಿಸುತ್ತಿದ್ದೇವೆ.

"ಉಳೀತಾಳಾ?"

"ಎರಡು ದಿನ ಏನೂ ಹೇಳೋಕಾಗಲ್ಲಮ್ಮ."

"ನಾನು ಕೊಟ್ಟ ಮುಚ್ಚಳದಿಂದ..."

ಅವನಿಗೂ ಆ ಪ್ರಶ್ನೆ ಬೇಡವಾಗಿತ್ತು. "ಅದರಿಂದಲೇ ಆಯ್ತು ಅಂತ ಹೇಳೋಕಾಗಲ್ಲ. ಅದರಿಂದ ಏನೂ ಆಗಿಲ್ಲ ಅಂತಲೂ ಹೇಳೋಕಾಗಲ್ಲ" ಎಂದು ಒಳಗೆ ಹೋದ.

ಭಾನುವಾರ ಮಧ್ಯಾಹ್ನ ಅಪ್ಪ ಬಂದ. ಯಾವುದೋ ಕಟ್ಟಡದಲ್ಲಿ ಕೆಲಸದ ನಡುವೆ ಫೋನು ಹೋಗಿತ್ತು, ಹೆಗಲಲ್ಲಿ ಸ್ಪ್ಯಾನರುಗಳ ಚೀಲ ಹಾಗೇ ಇತ್ತು. ಗಾಜಿನ ಆಚೆಯಿಂದ ಮಗಳನ್ನು ನೋಡಿ ಬಂದು ಬೆಂಚಿನ ಮೇಲೆ ಕೂತ. ಮೂಗಮ್ಮ ಏನನ್ನೂ ಮುಚ್ಚಿಡಲಿಲ್ಲ. ನಿಯಮ, ಅಂಗಡಿ ಕಟ್ಟೆ, ಅರ್ಧ ಬಾಟಲಿ, ತನ್ನ ಮುಚ್ಚಳ, ಎಲ್ಲ ಹೇಳಿದಳು. ಬೈಯಲಿ ಎಂದು ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಎಷ್ಟು ದೊಡ್ಡ ಮುಚ್ಚಳ?" ಎಂದು ಕೇಳಿದ.

ಆಕೆ ಬೆರಳಲ್ಲಿ ತೋರಿಸಿದಳು. ಅವನು ಆ ಬೆರಳುಗಳನ್ನೇ ಬಹಳ ಹೊತ್ತು ನೋಡಿದ.

"ಲಿಫ್ಟಲ್ಲಿ ಜನ ಸಿಕ್ಕಾಕ್ಕೊಂಡಾಗ ನಾನು ಮೊದಲು ಏನು ಹೇಳ್ತೀನಿ ಗೊತ್ತಾ ಅಮ್ಮ? ನೀವೇ ಬಾಗಿಲು ಕೀಳೋಕೆ ಹೋಗಬೇಡಿ, ಬೆಲ್ ಒತ್ತಿ, ನಾನು ಬರ್ತೀನಿ ಅಂತ. ಒಳಗಿರೋನು ಎಂಥ ಪೋಲಿನೇ ಆಗಿರಲಿ, ಎಂಟು ಜನದ ಲಿಫ್ಟಿಗೆ ಹದಿಮೂರು ಜನ ಹತ್ತಿರಲಿ. ಮೊದಲು ಇಳಿಸ್ತೀನಿ. ಬಯ್ಯೋದು ಆಮೇಲೆ." ಚೀಲವನ್ನು ಹೆಗಲಿನಿಂದ ಇಳಿಸಿ ಹೇಳಿದ, "ನಿಮ್ಮಲ್ಲಿ ಬೆಲ್ ಒತ್ತಿದೋರನ್ನೇ ಹೊರಗೆ ಹಾಕ್ತೀರಲ್ಲ."

ಇಬ್ಬರೂ ಒಂದೇ ಬೆಂಚಿನಲ್ಲಿ ಸಂಜೆಯವರೆಗೆ ಕೂತರು. ಮೂಗಮ್ಮ ಕಣ್ಣು ಮುಚ್ಚಿ ಬೇಡಿಕೊಳ್ಳಲು ನೋಡಿದಳು. ಉಳಿಸು ಎಂದು ಕೇಳಿದ ಕೂಡಲೇ, ಯಾರ ಕೈಯಿಂದ ಉಳಿಸಬೇಕು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತಿತ್ತು. ಹಾಗಾಗಿ ಏನನ್ನೂ ಕೇಳದೆ ಸುಮ್ಮನೆ ಕೈ ಜೋಡಿಸಿಕೊಂಡೇ ಕೂತಳು.

ಮಂಗಳವಾರ ಕೊಳವೆ ತೆಗೆದರು. ಚಿಟಿಕೆ ಉಳಿದಳು. ಅಪ್ಪನನ್ನು ಗುರುತು ಹಿಡಿದಳು. ಮೂಗಮ್ಮನನ್ನು ಕಂಡು ಹೆದರಿ ಕಣ್ಣು ತಿರುಗಿಸಿದಳು. ಗಂಟಲು ಒಡೆದ ದನಿಯಲ್ಲಿ, "ಆಂಟಿ, ಸಮಿತಿಗೆ ಬರೆದ್ರಾ?" ಅಂದಳು.

"ಇಲ್ಲ ಮಗಳೇ."

"ಉದ್ದಕ್ಕಂದೂ ಬರೀಬೇಡಿ."

ಸಾವಿನ ಬಾಗಿಲು ತಟ್ಟಿ ಬಂದವಳ ಮೊದಲ ಚಿಂತೆ ಅದು. ಮೂಗಮ್ಮ ಕಾರಿಡಾರಿಗೆ ಬಂದು ಗೋಡೆಗೆ ಒರಗಿ ನಿಂತುಬಿಟ್ಟಳು.

ಆದರೆ ಚಿಟಿಕೆಯ ಕೈ ನಡುಗುತ್ತಿತ್ತು. ನೀರಿನ ಲೋಟ ಹಿಡಿದರೆ ಅರ್ಧ ಚೆಲ್ಲುತ್ತಿತ್ತು. ಮಿದುಳಿಗೆ ಸ್ವಲ್ಪ ಹೊತ್ತು ಗಾಳಿ ಕಡಿಮೆ ಬಿದ್ದಿದೆ, ನಡುಕ ಹೋಗಬಹುದು, ತಿಂಗಳುಗಳು ಬೇಕು, ಹೋಗದೆಯೂ ಇರಬಹುದು ಅಂದರು. ಕೂದಲೆಳೆಯ ಲೆಕ್ಕದಲ್ಲಿ ಗಾಜು ಉಜ್ಜುವ ಕೈ. ಹನ್ನೆರಡನೆಯ ದಿನ ಅಪ್ಪ ಅವಳನ್ನು ಕರೆದುಕೊಂಡು ಹೋದ. ಟ್ಯಾಕ್ಸಿ ಗೇಟಿನ ಮುಂದೆ ನಿಂತಾಗ ಮೂಗಮ್ಮ ಟ್ರಂಕನ್ನು ತಾನೇ ಹೊತ್ತು ತಂದಳು. ಅಪ್ಪ ಅದನ್ನು ಕೈಯಿಂದ ತೆಗೆದುಕೊಂಡ, ಕಣ್ಣೆತ್ತಿ ನೋಡಲಿಲ್ಲ. ಚಿಟಿಕೆ ಕಿಟಕಿಯಿಂದ ಕೈ ಬೀಸಿದಳು. ಬೀಸಿದ್ದೆಷ್ಟು, ನಡುಗಿದ್ದೆಷ್ಟು ತಿಳಿಯಲಿಲ್ಲ. ಬ್ಯಾಂಕಿನವಳು ಅದೇ ವಾರ ಬೇರೆ ಕಡೆ ಕೋಣೆ ನೋಡಿಕೊಂಡಳು. ಹೇಳದೆ ಹೋದಳು.

ಮೂಗಮ್ಮ ಒಂದು ಸಂಜೆ ಉಳಿದ ಹುಡುಗಿಯರನ್ನೆಲ್ಲ ಮೆಟ್ಟಿಲ ಮೇಲೆ ಕೂರಿಸಿದಳು. ನಡೆದದ್ದನ್ನು ಬಿಡದೆ ಹೇಳಿದಳು, ತನ್ನ ಮುಚ್ಚಳವನ್ನೂ ಸೇರಿಸಿ. "ಕುಡೀಬೇಡಿ ಅಂತ ನಾನು ಹೇಳೋದು ನಿಮಗೆ ಗೊತ್ತೇ ಇದೆ. ಕೇಳದೇ ಇರೋದೂ ನನಗೆ ಗೊತ್ತು. ಹೋದ್ರೆ ಹೊಟ್ಟೆಗೆ ತಿಂದು ಹೋಗಿ. ಒಟ್ಟಿಗೆ ಹೋದೋರು ಒಟ್ಟಿಗೆ ಬನ್ನಿ. ಒಬ್ಬಳಾದ್ರೂ ಕುಡಿಯದೇ ಇರಲಿ. ಯಾವ ಔಷಧಿನೂ ಅದರ ಜೊತೆ ಬೇಡ. ಯಾರಾದ್ರೂ ಎಬ್ಬಿಸಿದ್ರೂ ಏಳಲಿಲ್ಲ ಅಂದ್ರೆ, ಮಲಗಿ ಸರಿಹೋಗ್ತಾಳೆ ಅಂತ ಕಾಯಬೇಡಿ. ಎಷ್ಟು ಹೊತ್ತಾದರೂ ನನ್ನ ಕಿಟಕಿ ತಟ್ಟಿ."

ಹಿಂದಿನ ಮೆಟ್ಟಿಲಿನಿಂದ ಒಬ್ಬಳು ಕೇಳಿದಳು, "ತಟ್ಟಿದ್ರೆ ಮಾರನೇ ದಿನ ಏನಾಗುತ್ತೆ ಆಂಟಿ?"

ಸುಳ್ಳು ಹೇಳುವ ಅಭ್ಯಾಸ ಆಕೆಗಿರಲಿಲ್ಲ. ಬಾಯಿ ತೆರೆದಳು, ಮುಚ್ಚಿದಳು. ಹುಡುಗಿಯರು ಒಬ್ಬೊಬ್ಬರಾಗಿ ಎದ್ದು ಹೋದರು.

ಉತ್ತರ ತರಲೆಂದೇ ಸಮಿತಿಗೆ ಹೋದಳು. ಹೇಗೇ ಬಂದರೂ ಒಳಗೆ ಬಿಡೋಣ, ಬೆಳಿಗ್ಗೆ ಕೂರಿಸಿ ಮಾತಾಡೋಣ, ಹೊರಗೆ ಹಾಕುವುದು ಮಾತ್ರ ಬೇಡ ಎಂದು, ಯಾವ ಹುಡುಗಿಯ ಹೆಸರನ್ನೂ ಎತ್ತದೆ, ಬರೆದುಕೊಂಡು ಹೋಗಿ ಓದಿದಳು. ಕಾರ್ಯದರ್ಶಿ ಕೆಟ್ಟವನಲ್ಲ. ಅವನಿಗೂ ಇಬ್ಬರು ಹೆಣ್ಣುಮಕ್ಕಳು.

"ಅಮ್ಮ, ದೇವರು ದಿಂಡರು ಅನ್ನೋರು ನೀವು. ಕುಡಿದು ಬನ್ನಿ, ಬಾಗಿಲು ತೆಗೆದಿದೆ ಅಂತ ಬೋರ್ಡ್ ಹಾಕೋಣ ಅಂತೀರಾ? ಅಪ್ಪ ಅಮ್ಮಂದಿರು ಯಾರ ನಂಬಿಕೆ ಮೇಲೆ ಬಿಡ್ತಾರೆ?"

"ಬೋರ್ಡ್ ಬೇಡ ಸಾರ್. ಹೆದರಿಕೆ ತೆಗೀರಿ ಸಾಕು."

"ಹೆದರಿಕೆ ಇರೋದಕ್ಕೇ ಇಷ್ಟರ ಮಟ್ಟಿಗಿದೆ. ನಿಮ್ಮ ಮೂಗಿಗೂ ವಯಸ್ಸಾಯ್ತು, ತಪ್ಪು ತಿಳ್ಕೋಬೇಡಿ. ಮಷೀನು ತರಿಸ್ತಿದ್ದೀವಿ. ಊದಿಸಿ. ಅದಕ್ಕೆ ಕೆಮ್ಮು ಗಿಮ್ಮು ಎಲ್ಲ ಗೊತ್ತಾಗಲ್ಲ."

ಎಕ್ಸ್‌ಚೇಂಜಿನಲ್ಲಿ ಆದದ್ದೇ ಇಲ್ಲೂ ಆಯಿತು. ಅಂಗೈಯಷ್ಟು ಯಂತ್ರ ಮೇಜಿನ ಮೇಲೆ ಬಂದು ಕೂತಿತು. ಬಿಟ್ಟು ಹೋಗೋಣವೆಂದು ಒಂದು ರಾತ್ರಿಯೆಲ್ಲ ಯೋಚಿಸಿದಳು. ಹೋದರೆ ತನ್ನ ಜಾಗಕ್ಕೆ ಬರುವವರು ಕಿಟಕಿ ಮುಚ್ಚಿಕೊಂಡು ಮಲಗುವವರಾದರೆ? ಬೆಳಿಗ್ಗೆ ಎದ್ದು ಗೇಟು ತೆಗೆದಳು.

ಯಂತ್ರ ಬಂದ ಮೊದಲ ಶನಿವಾರ ಹೊರಗೆ ಹೋದವರು ಹತ್ತೊಂಬತ್ತು ಜನ. ಅವರಲ್ಲಿ ಹದಿನೈದು ಜನ ಎಂಟು ಗಂಟೆಗೇ ಬಂದು, ಊದಿ, ಮೇಲೆ ಹೋದರು. ಯಾರೂ ಕೆಮ್ಮಲಿಲ್ಲ. ಉಳಿದ ನಾಲ್ವರು ರಜೆ ಚೀಟಿ ಕೊಟ್ಟು ಹೋಗಿದ್ದರು, ರಾತ್ರಿ ಅಕ್ಕನ ಮನೆಯಲ್ಲಿ ಇರುತ್ತೇವೆ ಎಂದು. ನಾಲ್ವರಿಗೂ ಇದ್ದಕ್ಕಿದ್ದಂತೆ ಅಕ್ಕಂದಿರು ಹುಟ್ಟಿದ್ದರು. ನಾಲ್ವರಲ್ಲಿ ಉದ್ದಕ್ಕನೂ ಒಬ್ಬಳು. ಅವಳ ಮನೆಯಲ್ಲಿ ಅವಳೇ ಹಿರಿಯಳು, ಕೆಳಗೆ ಮೂವರು ತಂಗಿಯರೆಂಬುದು ಮೂಗಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಚೀಟಿಯಲ್ಲಿ ಎಲ್ಲ ಸರಿಯಾಗಿತ್ತು. ತಡೆಯಲು ನಿಯಮವಿರಲಿಲ್ಲ.

ಹನ್ನೊಂದು ಗಂಟೆಗೆ ನಾಲ್ವರಿಗೂ ಫೋನು ಮಾಡಿದಳು. ಮೂವರು ಎತ್ತಲಿಲ್ಲ. ಉದ್ದಕ್ಕ ಎತ್ತಿದಳು. ಹಿಂದೆ ಧಡ್ ಧಡ್ ಎಂದು ಹಾಡು, ಯಾರೋ ಯಾರನ್ನೋ ಕೂಗುವುದು, ಗಾಜಿನ ಸದ್ದು.

"ಎಲ್ಲಿದ್ದೀಯಮ್ಮ?"

"ಅಕ್ಕನ ಮನೇಲಿ ಆಂಟಿ."

"ಅಕ್ಕ ಹೇಗಿದಾಳೆ?"

ಉದ್ದಕ್ಕ ಎಲ್ಲಿಗೋ ಹೊರಗೆ ನಡೆದಳೆಂದು ತೋರುತ್ತದೆ, ಸದ್ದು ದೂರವಾಯಿತು.

"ಅಕ್ಕಂಗೆ ಸ್ವಲ್ಪ... ಹುಷಾರಿಲ್ಲ ಆಂಟಿ."

ಮೂಗಮ್ಮ ಎಕ್ಸ್‌ಚೇಂಜಿನ ಹಳೆಯ ಸಮನಾದ ದನಿಯನ್ನೇ ತಂದುಕೊಂಡಳು. "ಕರೆದ್ರೆ ಮಾತಾಡ್ತಾಳಾ?"

"ಮಾತಾಡ್ತಾಳೆ. ನಗ್ತಾಳೆ."

"ಮಗ್ಗುಲಾಗಿ ಮಲಗಿಸು. ನೀನು ಪಕ್ಕದಲ್ಲೇ ಕೂತಿರು, ನಿದ್ದೆ ಮಾಡಬೇಡ. ಏನೂ ಕೊಡಬೇಡ. ಆಗಾಗ ಕರಿ. ಕರೆದ್ರೆ ಓ ಅನ್ನಲಿಲ್ಲ ಅಂದ್ರೆ ನನಗಲ್ಲ, ಮೊದಲು ಆಂಬ್ಯುಲೆನ್ಸಿಗೆ ಮಾಡು. ಆಮೇಲೆ ನನಗೆ ಮಾಡು, ನಾನು ಬರ್ತೀನಿ. ನಾನು ಏನೂ ಬರೆಯಲ್ಲ, ನಿನ್ನ ಅಕ್ಕನ ಮೇಲಾಣೆ."

"ಹ್ಞೂಂ ಆಂಟಿ."

"ಯಾವ ಬೀದಿ ಅಂತಾದ್ರೂ ಹೇಳೇ."

ಅಷ್ಟರಲ್ಲಿ ಆ ತುದಿಯಲ್ಲಿ ಯಾರೋ ಉದ್ದಕ್ಕನನ್ನು ಕರೆದರು. ಲೈನು ಕಟ್ಟಾಯಿತು. ತಿರುಗಿ ಮಾಡಿದಳು. ಗಂಟೆ ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಮೇಲೆ ಐವತ್ತಾರು ಹುಡುಗಿಯರು ಮಲಗಿದ್ದರು, ಅವರನ್ನು ಬಿಟ್ಟು ಹೋಗುವಂತಿರಲಿಲ್ಲ. ಹೋಗುವುದಾದರೂ ಎಲ್ಲಿಗೆ. ಮೂಗಮ್ಮ ಗೇಟಿನ ಬೀಗ ತೆಗೆದು, ಗೇಟನ್ನು ಸುಮ್ಮನೆ ಮುಂದೆ ಮಾಡಿ, ಕುರ್ಚಿಯನ್ನು ಬಾಗಿಲಿಗೆ ಎಳೆದುಕೊಂಡು, ಮತ್ತೆ ಅದೇ ನಂಬರು ಒತ್ತಿದಳು.